ಕೆಟ್ಟಿರುವುದು ಸ್ಮಾರ್ಟ್ ಮೀಟರೋ, ಮನೆಯ ವೈರಿಂಗೋ? ಪತ್ತೆ ಹಚ್ಚುವ ಬಗೆ

ಕರೆಂಟ್ ಬಿಲ್ ಇದ್ದಕ್ಕಿದ್ದಂತೆ ಏರಿದರೆ ಮೊದಲು ಬೈಸಿಕೊಳ್ಳುವುದು ಮೀಟರ್. ಅದು ಸ್ಮಾರ್ಟ್ ಮೀಟರ್ ಆಗಿದ್ದರಂತೂ ‘ಈ ಹೊಸ ಮೀಟರ್ ಜಾಸ್ತಿ ಓಡುತ್ತೆ’ ಎನ್ನಲು ಬೀದಿಯಲ್ಲಿ ಹತ್ತು ಜನ ಸಿಗುತ್ತಾರೆ. ಕೆಲವು ಸಲ ಅವರ ಮಾತು ನಿಜವೂ ಆಗಿರುತ್ತದೆ. ಆದರೆ ವಿದ್ಯುತ್ ಸರಬರಾಜು ಕಂಪನಿಯ (ಎಸ್ಕಾಂ) ಸೆಕ್ಷನ್ ಆಫೀಸಿಗೆ ಹೋಗಿ ‘ಮೀಟರ್ ಸರಿ ಇಲ್ಲ’ ಎಂದಷ್ಟೇ ಹೇಳಿದರೆ ಕೆಲಸ ಮುಂದೆ ಹೋಗುವುದಿಲ್ಲ. ಅಳೆಯುವ ಭಾಗ ಕೆಟ್ಟಿರಬಹುದು, ರೀಡಿಂಗ್ ಕಳಿಸುವ ಭಾಗ ಕೆಟ್ಟಿರಬಹುದು, ಒಳಗಿನ ಸ್ವಿಚ್ ಕೆಟ್ಟಿರಬಹುದು, ಬಿಲ್ಲಿನ ಲೆಕ್ಕ ತಪ್ಪಿರಬಹುದು, ಮನೆಯ ವೈರಿಂಗಿನಲ್ಲೇ ದೋಷವಿರಬಹುದು. ಒಂದೊಂದಕ್ಕೂ ಪರೀಕ್ಷೆ ಬೇರೆ, ಪರಿಹಾರ ಬೇರೆ. ಕೊನೆಯದಕ್ಕಂತೂ ಎಸ್ಕಾಂ ಅಲ್ಲ, ನಿಮ್ಮ ಎಲೆಕ್ಟ್ರಿಷಿಯನ್ನೇ ಬರಬೇಕು.

ಬೆಸ್ಕಾಂ ವ್ಯಾಪ್ತಿಯಲ್ಲಿ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯವಾಗಿದೆ. ಖಾಯಂ ಸಂಪರ್ಕಕ್ಕೆ ಪೋಸ್ಟ್‌ಪೇಯ್ಡ್, ಮನೆ ಕಟ್ಟುವಾಗ ಪಡೆಯುವಂಥ ತಾತ್ಕಾಲಿಕ ಸಂಪರ್ಕಕ್ಕೆ ಪ್ರೀಪೇಯ್ಡ್. ಇಲ್ಲಿನ ವಿವರಗಳು ಮುಖ್ಯವಾಗಿ ಸಿಂಗಲ್ ಫೇಸ್ ಮನೆಗಳನ್ನು ಮುಂದಿಟ್ಟುಕೊಂಡಿವೆ. ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಗ್ರಾಹಕರಿಗೂ ಪರೀಕ್ಷೆಗಳು ಇವೇ.

ಡಬ್ಬಿಯೊಳಗೆ ಇರುವುದೇನು

ಮೀಟರಿನ ಅಡಿಯಲ್ಲಿ ಸೀಲ್ ಹಾಕಿದ ಮುಚ್ಚಳದೊಳಗೆ ನಾಲ್ಕು ಟರ್ಮಿನಲ್‌ಗಳಿವೆ: ಫೇಸ್ (ಕರೆಂಟ್ ತರುವ ವೈರ್) ಒಳಬರುವುದು, ಹೊರಹೋಗುವುದು, ಹಾಗೆಯೇ ಕರೆಂಟ್ ಹಿಂತಿರುಗುವ ವೈರ್ ಆದ ನ್ಯೂಟ್ರಲ್‌ಗೆ ಎರಡು. ಫೇಸ್‌ನ ಕರೆಂಟನ್ನು ಒಂದು ಸೆನ್ಸರ್ ಅಳೆಯುತ್ತದೆ, ನ್ಯೂಟ್ರಲ್‌ನ ಕರೆಂಟನ್ನು ಇನ್ನೊಂದು. ನ್ಯೂಟ್ರಲ್ ಬಿಟ್ಟು ಭೂಮಿಗೆ ಲೋಡ್ ಕೊಟ್ಟು ಕರೆಂಟ್ ಕದಿಯುವವರನ್ನು ಹಿಡಿಯಲೆಂದು ನಮ್ಮ ದೇಶದ ಮೀಟರುಗಳಲ್ಲಿ ಹೀಗೆ ಎರಡೂ ಕಡೆ ಅಳತೆ ಇರುತ್ತದೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಮೀಟರ್ ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಈ ಒಂದು ಸಂಗತಿ ನೆನಪಿನಲ್ಲಿರಲಿ, ಹಲವು ‘ವೇಗದ ಮೀಟರ್’ ದೂರುಗಳ ಬೇರು ಇಲ್ಲಿದೆ.

ಮುಂಭಾಗದಲ್ಲಿ ಮಿನುಗುವ ಕೆಂಪು ಎಲ್‌ಇಡಿ ಪಲ್ಸ್ ದೀಪ. ಪಕ್ಕದಲ್ಲಿ 3200, ಕೆಲವದರಲ್ಲಿ 1600 ಅಥವಾ 6400 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂದರ್ಥ. ಡಿಸ್‌ಪ್ಲೇ ತಾನಾಗಿ ಬದಲಾಗುತ್ತಿರುತ್ತದೆ, ಗುಂಡಿ ಒತ್ತಿದರೆ ಒಂದೊಂದಾಗಿ ಮುಂದೆ ಹೋಗುತ್ತದೆ: ದಿನಾಂಕ, ಸಮಯ, ಒಟ್ಟು ಯೂನಿಟ್, ವೋಲ್ಟೇಜ್, ಫೇಸ್ ಕರೆಂಟ್, ನ್ಯೂಟ್ರಲ್ ಕರೆಂಟ್, ಈ ಕ್ಷಣದ ಲೋಡ್, ತಿಂಗಳ ಗರಿಷ್ಠ ಲೋಡ್. ಕಂಪನಿಯಿಂದ ಕಂಪನಿಗೆ ಕ್ರಮ ಬದಲಾಗುತ್ತದೆ.

ಇದರಾಚೆ ಹಳೆಯ ಮೀಟರಿನಲ್ಲಿ ಇಲ್ಲದ ಎರಡು ವಸ್ತುಗಳು ಸ್ಮಾರ್ಟ್ ಮೀಟರಿನಲ್ಲಿವೆ. ಒಂದು, ಮೊಬೈಲ್ ಸಿಗ್ನಲ್ ಇಲ್ಲವೇ ರೇಡಿಯೋ ತರಂಗದ ಮೂಲಕ ಎಸ್ಕಾಂ ಸರ್ವರಿಗೆ ರೀಡಿಂಗ್ ತಲುಪಿಸುವ ಸಂವಹನ ಕಾರ್ಡ್. ಇನ್ನೊಂದು, ದೂರದಿಂದಲೇ ಕರೆಂಟ್ ಕಡಿದು ಮತ್ತೆ ಕೊಡಬಲ್ಲ ರಿಲೇ. ಅಳೆಯುವ ವಿದ್ಯೆ ಮಾತ್ರ ಹದಿನೈದು ಇಪ್ಪತ್ತು ವರ್ಷಗಳಿಂದ ಮನೆಗಳಲ್ಲಿರುವ ಎಲೆಕ್ಟ್ರಾನಿಕ್ ಮೀಟರಿನದ್ದೇ. ಮನೆ ಮೀಟರುಗಳು ಕ್ಲಾಸ್ 1 ನಿಖರತೆಯವು. 200 ಯೂನಿಟ್ ಬಳಸಿದಲ್ಲಿ ಹೆಚ್ಚೆಂದರೆ 2 ಯೂನಿಟ್‌ನಷ್ಟು ಆಚೀಚೆ. ಎಲೆಕ್ಟ್ರಾನಿಕ್ ಮೀಟರ್ ಕೆಡುವಾಗ ಹಳೆಯ ಚಕ್ರದ ಮೀಟರಿನಂತೆ ಮೆಲ್ಲಗೆ ಹಾದಿ ತಪ್ಪುವುದು ಅಪರೂಪ. ಡಿಸ್‌ಪ್ಲೇ ಸಾಯುತ್ತದೆ, ರೀಡಿಂಗ್ ನಿಂತುಬಿಡುತ್ತದೆ, ಇಲ್ಲವೇ ಸಿಡಿಲು ಅಥವಾ ವೋಲ್ಟೇಜ್ ಏರಿಕೆಯ ನಂತರ ಒಮ್ಮೆಲೇ ಸಾವಿರಾರು ಯೂನಿಟ್ ನೆಗೆಯುತ್ತದೆ. ಬಿಲ್ 30 ಶೇಕಡಾ ಹೆಚ್ಚಾಗಿದೆ ಎಂಬಂಥ ದೂರಿನಲ್ಲಿ ಮೊದಲ ಅನುಮಾನ ಮೀಟರ್ ಮೇಲೆ ಹೋಗಬಾರದು.

ಮುಟ್ಟಬಾರದ್ದು

ಟರ್ಮಿನಲ್ ಮುಚ್ಚಳ, ಸೀಲ್, ಮೀಟರಿಗಿಂತ ಮುಂಚಿನ ಫ್ಯೂಸ್ ಮತ್ತು ಸರ್ವಿಸ್ ವೈರ್ ಎಸ್ಕಾಂ ಪಾಲಿನವು. ಮೀಟರ್‌ನಿಂದ ಹೊರಬಂದ ವೈರಿನಿಂದ ಆಚೆ ನಿಮ್ಮ ಪಾಲಿನವು. ಸೀಲ್ ಒಡೆದರೆ ಒಳಗೆ ಕೈ ಹಾಕಿದ್ದು ರಿಪೇರಿಗೋ ಕಳ್ಳತನಕ್ಕೋ ಎಂದು ವಾದಿಸುತ್ತಾ ಕೂರಬೇಕಾಗುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಸೆಕ್ಷನ್ ಮೀಟರ್ ತಿದ್ದುವುದನ್ನು ವಿದ್ಯುತ್ ಕಳವಿನ ಲೆಕ್ಕಕ್ಕೇ ಸೇರಿಸುತ್ತದೆ. ಮುಚ್ಚಳ ತೆರೆದ ದಿನ, ಹೊತ್ತು ಎಲ್ಲವೂ ಸ್ಮಾರ್ಟ್ ಮೀಟರಿನ ದಾಖಲೆಯಲ್ಲಿ ಬೀಳುತ್ತವೆ ಎಂಬುದೂ ಗೊತ್ತಿರಲಿ.

ಒಂದು ತುರ್ತು ಸಂದರ್ಭವಿದೆ. ಮೀಟರಿನ ಬುಡದಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ, ಮುಚ್ಚಳ ಕಂದು ತಿರುಗಿರುವುದು, ಚರಚರ ಸದ್ದು, ಗೀಸರ್ ಹಾಕಿದಾಗ ಇಡೀ ಮನೆಯ ದೀಪ ಮಂಕಾಗುವುದು ಕಂಡರೆ ಟರ್ಮಿನಲ್ ಸ್ಕ್ರೂ ಸಡಿಲವಾಗಿದೆ ಎಂದುಕೊಳ್ಳಿ. ಸರ್ವಿಸ್ ವೈರ್ ಬಹುತೇಕ ಅಲ್ಯೂಮಿನಿಯಂ. ಸ್ಕ್ರೂ ಒತ್ತಡಕ್ಕೆ ಅದು ದಿನ ಕಳೆದಂತೆ ಹರಡಿ ಸಡಿಲವಾಗುತ್ತದೆ, ಸಡಿಲ ಜಾಗ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಸಡಿಲವಾಗುತ್ತದೆ. ಹೊಸ ಮೀಟರ್ ಹಾಕಿದ ಕೆಲವೇ ವಾರಗಳಲ್ಲಿ ಇದು ಕಾಣಿಸಿಕೊಂಡರೆ ಕಾರಣ ಬಹುಶಃ ಅಳವಡಿಕೆಯ ಅವಸರ. ಮೇನ್ ಸ್ವಿಚ್ ಆಫ್ ಮಾಡಿ 1912ಕ್ಕೆ ಕರೆ ಮಾಡಿ. ಬಿಲ್ಲಿನ ಲೆಕ್ಕ ಆಮೇಲೆ ನೋಡಿಕೊಳ್ಳಬಹುದು.

ಮೊದಲ ಪರೀಕ್ಷೆ: ಮೇನ್ ಆಫ್

ಮೀಟರಿನ ನಂತರದ ಮೇನ್ ಸ್ವಿಚ್ ಆಫ್ ಮಾಡಿ, ಇಪ್ಪತ್ತು ನಿಮಿಷ ಪಲ್ಸ್ ದೀಪ ನೋಡಿ. ಅದು ಪೂರ್ತಿ ಆರಿರಬಹುದು ಅಥವಾ ಅಲುಗಾಡದೆ ಉರಿಯುತ್ತಿರಬಹುದು, ಎರಡೂ ಸರಿ. ಮಿನುಗಬಾರದು, ಅಷ್ಟೇ.

ಮಿನುಗುತ್ತಿದ್ದರೆ ಗುಂಡಿ ಒತ್ತಿ ಫೇಸ್ ಕರೆಂಟ್ ಮತ್ತು ನ್ಯೂಟ್ರಲ್ ಕರೆಂಟ್ ಎರಡನ್ನೂ ಓದಿ. ಎರಡೂ ಸೊನ್ನೆ, ಆದರೂ ಪಲ್ಸ್ ಬರುತ್ತಿದೆ ಎಂದರೆ ಮೀಟರ್ ದೋಷ ಖಚಿತ. ಎರಡರಲ್ಲೂ ಒಂದೇ ಅಳತೆಯ ಕರೆಂಟ್ ಇದ್ದರೆ ಮೀಟರ್ ಮತ್ತು ಮೇನ್ ಸ್ವಿಚ್ ನಡುವೆ ಯಾರೋ ಲೈನ್ ಎಳೆದಿದ್ದಾರೆ. ಬಾಡಿಗೆ ಕಟ್ಟಡಗಳಲ್ಲಿ ಮೆಟ್ಟಿಲ ದೀಪ, ಸಂಪ್ ಮೋಟಾರ್, ಸಿಸಿಟಿವಿ ಇವನ್ನು ಯಾವುದೋ ಒಂದು ಮನೆಯ ಮೀಟರಿಗೆ ಹೊಂದಿಸಿಬಿಡುವುದು ಹೊಸ ವಿದ್ಯೆಯೇನಲ್ಲ.

ಫೇಸ್ ಸೊನ್ನೆ, ನ್ಯೂಟ್ರಲ್‌ನಲ್ಲಿ ಮಾತ್ರ ಕರೆಂಟ್ ಇದ್ದರೆ? ಇದು ಬೆಂಗಳೂರಿನಂಥ ಊರಿನ ಮಹಡಿ ಮನೆಗಳ ಜಾಡ್ಯ. ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಎರಡು ಮನೆಯ ನ್ಯೂಟ್ರಲ್ ಕೂಡಿಕೊಂಡರೆ

ಕೆಳಮನೆ, ಮೇಲ್ಮನೆಗೆ ಬೇರೆ ಬೇರೆ ಮೀಟರ್. ಆದರೆ ಗೋಡೆಯೊಳಗಿನ ಯಾವುದೋ ಜಂಕ್ಷನ್ ಬಾಕ್ಸಿನಲ್ಲಿ ಎರಡೂ ಮನೆಯ ನ್ಯೂಟ್ರಲ್ ವೈರ್ ಕೂಡಿಕೊಂಡಿವೆ. ಮೆಟ್ಟಿಲ ದೀಪದ ಎರಡು ಕಡೆಯ ಸ್ವಿಚ್, ಕಾಲಿಂಗ್ ಬೆಲ್, ಟೆರೇಸಿನ ಪಾಯಿಂಟ್ ಇವೇ ಸಾಮಾನ್ಯ ಜಾಗಗಳು. ಮೇಲ್ಮನೆಯವರು ಗೀಸರ್ ಹಾಕಿದರು, 10 ಆಂಪ್ ಹೋಯಿತು. ಅದು ಅವರ ಮೀಟರಿನ ಫೇಸ್ ಮೂಲಕ ಪೂರ್ತಿ ಹಾದುಬಂದಿದೆ, ಅವರ ಬಿಲ್ಲಿಗೆ ಪೂರ್ತಿ ಸೇರಿತು. ಹಿಂತಿರುಗುವಾಗ ಮಾತ್ರ ಎರಡು ದಾರಿ ತೆರೆದಿವೆ, ಒಂದು ಅವರ ನ್ಯೂಟ್ರಲ್, ಇನ್ನೊಂದು ನಿಮ್ಮದು. ಹೆಚ್ಚುಕಡಿಮೆ 5 ಆಂಪ್ ನಿಮ್ಮ ಮೀಟರಿನ ನ್ಯೂಟ್ರಲ್ ಟರ್ಮಿನಲ್ ಮೂಲಕ ಹೊರಟಿತು. ನಿಮ್ಮ ಮೀಟರ್ ‘ಫೇಸ್ ಸೊನ್ನೆ, ನ್ಯೂಟ್ರಲ್ 5, ಯಾರೋ ಮೋಸ ಮಾಡುತ್ತಿದ್ದಾರೆ’ ಎಂದು ತಿಳಿದು 5 ಆಂಪ್‌ಗೆ ಲೆಕ್ಕ ಬರೆಯುತ್ತದೆ. 230 ವೋಲ್ಟ್‌ಗೆ ಅದು 1,150 ವ್ಯಾಟ್. ದಿನಕ್ಕೆ ಒಂದು ತಾಸಾದರೆ ತಿಂಗಳಿಗೆ ಸುಮಾರು 34 ಯೂನಿಟ್. ನೀವು ಬಳಸಿದ್ದಲ್ಲ, ಮೀಟರ್ ಕೆಟ್ಟದ್ದೂ ಅಲ್ಲ, ಲ್ಯಾಬಿಗೆ ಕಳಿಸಿದರೆ ನೂರಕ್ಕೆ ನೂರು ಪಾಸಾಗಿ ಬರುತ್ತದೆ.

ಹಳೆಯ ಚಕ್ರದ ಮೀಟರ್ ಫೇಸ್ ಒಂದನ್ನೇ ಅಳೆಯುತ್ತಿದ್ದುದರಿಂದ ಈ ದೋಷ ಹತ್ತಾರು ವರ್ಷ ಕಣ್ಣಿಗೆ ಬೀಳದೆ ಉಳಿದಿರಬಹುದು. ಮೀಟರ್ ಬದಲಾದ ತಿಂಗಳಿನಿಂದಲೇ ಬಿಲ್ ಏರಿದ ಮನೆಗಳಲ್ಲಿ ಇದನ್ನು ಮೊದಲು ನೋಡಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸುರಕ್ಷತಾ ಸ್ವಿಚ್) ಪದೇ ಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಸಿಕೊಂಡ ಮನೆಗಳಲ್ಲಂತೂ ಅನುಮಾನ ಇನ್ನೂ ಗಟ್ಟಿ. ನ್ಯೂಟ್ರಲ್ ಬೆರೆತಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಆನ್ ಆಗಿ ಉಳಿಯುವುದೇ ಇಲ್ಲ.

ಪತ್ತೆ ಹಚ್ಚುವುದು ಸುಲಭ. ನಿಮ್ಮ ಮನೆಯ ಫೇಸ್ ಎಂಸಿಬಿಗಳನ್ನೆಲ್ಲ (ಫ್ಯೂಸಿನ ಬದಲಿಗೆ ಇರುವ ಸ್ವಿಚ್‌ಗಳು) ಇಳಿಸಿ, ಮೇಲ್ಮನೆಯವರಿಗೆ ಗೀಸರ್ ಹಾಕಿ ಆರಿಸಲು ಹೇಳಿ, ನಿಮ್ಮ ಮೀಟರಿನ ನ್ಯೂಟ್ರಲ್ ಕರೆಂಟ್ ಏರಿಳಿಯುತ್ತದೆಯೇ ನೋಡಿ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ದೋಷ ಕಾಣುತ್ತದೆ. ಡಬಲ್ ಪೋಲ್ ಮೇನ್ ಇಳಿಸಿದರೆ ಎರಡೂ ಕಡಿದು ದೋಷ ಅಡಗಿಕೊಳ್ಳುತ್ತದೆ. ಪರಿಹಾರ ಎಲೆಕ್ಟ್ರಿಷಿಯನ್ ಕೈಯಲ್ಲಿದೆ: ನ್ಯೂಟ್ರಲ್ ಬಾರಿನಿಂದ ಒಂದೊಂದೇ ವೈರ್ ಬಿಚ್ಚಿ ಬೆರೆತದ್ದನ್ನು ಹುಡುಕುವುದು, ಬೇರ್ಪಡಿಸುವುದು, ಕೊನೆಗೆ ಡಬಲ್ ಪೋಲ್ ಮೇನ್ ಮತ್ತು ಆರ್‌ಸಿಸಿಬಿ ಹಾಕುವುದು. ಒಂದು ಎಚ್ಚರಿಕೆ: ಬೆರೆತ ನ್ಯೂಟ್ರಲ್ ಬಿಚ್ಚುವಾಗ ಎರಡೂ ಮನೆಯ ಮೇನ್ ಆಫ್ ಆಗಿರಬೇಕು. ನಿಮ್ಮದನ್ನು ಮಾತ್ರ ಆಫ್ ಮಾಡಿ ಬಿಚ್ಚಿದರೆ ಆ ‘ಸತ್ತ’ ವೈರಿನಲ್ಲಿ ಮೇಲ್ಮನೆಯ ಕರೆಂಟ್ ಕಾದಿರುತ್ತದೆ.

ಇದರ ತದ್ವಿರುದ್ಧ ದೋಷವೂ ಇದೆ. ಫೇಸ್ ಕರೆಂಟ್ ಹೆಚ್ಚು, ನ್ಯೂಟ್ರಲ್ ಕಡಿಮೆ ಇದ್ದರೆ ನಡುವಿನ ಕರೆಂಟ್ ಭೂಮಿಗೆ ಹೋಗುತ್ತಿದೆ. ತುಕ್ಕು ಹಿಡಿದ ಗೀಸರ್ ಕಾಯಿಲ್, ಸಬ್‌ಮರ್ಸಿಬಲ್ ಮೋಟಾರಿನ ಕೇಬಲ್, ಗೋಡೆಯಲ್ಲಿ ನೆನೆದ ಪೈಪು ಇವು ಎಂದಿನ ಅಪರಾಧಿಗಳು. 2 ಆಂಪ್ ಸೋರಿದರೂ 460 ವ್ಯಾಟ್ ಆಯಿತು. ಬಿಲ್ ಇಲ್ಲಿ ಸಣ್ಣ ಚಿಂತೆ, ಸ್ನಾನದ ಮನೆಯಲ್ಲಿ ಶಾಕ್ ಹೊಡೆಯುವುದು ದೊಡ್ಡದು.

ಎರಡನೆಯ ಪರೀಕ್ಷೆ: ಗೊತ್ತಿರುವ ಲೋಡ್

ಮೇನ್ ಆಫ್ ಪರೀಕ್ಷೆಯಲ್ಲಿ ಪಾಸಾದ ಮೀಟರ್ ಲೋಡ್ ಇದ್ದಾಗ ಹೆಚ್ಚು ಓಡುತ್ತಿದೆಯೇ ಎಂದು ನೋಡಲು ಎಷ್ಟು ವ್ಯಾಟ್ ಎಳೆಯುತ್ತದೆಂದು ಗೊತ್ತಿರುವ ಒಂದು ಉಪಕರಣ ಬೇಕು. ಇಸ್ತ್ರಿ ಪೆಟ್ಟಿಗೆ ಆಗದು, ಥರ್ಮೋಸ್ಟಾಟ್ ನಡುನಡುವೆ ಆಫ್ ಮಾಡುತ್ತದೆ. ಫ್ರಿಜ್, ಎಸಿ, ಮಿಕ್ಸಿ ಯಾವುವೂ ಸ್ಥಿರವಲ್ಲ. ಬಕೆಟ್ ನೀರು ಕಾಯಿಸುವ 1,500 ವ್ಯಾಟಿನ ಕಾಯಿಲ್ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಫ್ರಿಜ್, ಇನ್ವರ್ಟರ್, ವೈಫೈ ಸೇರಿ ಬೇರೆಲ್ಲ ಪ್ಲಗ್ ತೆಗೆಯಿರಿ. 20 ಲೀಟರ್ ಬಕೆಟ್ ತುಂಬ ನೀರಿಟ್ಟು ಕಾಯಿಲ್ ಮುಳುಗಿಸಿ ಸ್ವಿಚ್ ಹಾಕಿ. ಸ್ವಿಚ್ ಆರಿಸಿ ಪ್ಲಗ್ ಕೀಳುವ ತನಕ ನೀರು ಮುಟ್ಟಬೇಡಿ. ಮೀಟರಿನ ಮುಂದೆ ಫೋನ್ ಹಿಡಿದು ಐದು ನಿಮಿಷ ವಿಡಿಯೋ ಮಾಡಿಕೊಳ್ಳಿ, ನಿಧಾನಗತಿಯಲ್ಲಿ ನೋಡಿ ಎಣಿಸಬಹುದು. ಪಲ್ಸ್ ದೀಪದ ಪಕ್ಕ 3200 ಎಂದು ಅಚ್ಚಾದ (ಇದೇ ಸ್ಥಿರಾಂಕ) ಮೀಟರಿನಲ್ಲಿ 1,500 ವ್ಯಾಟ್‌ಗೆ ನಿಮಿಷಕ್ಕೆ 80 ಮಿನುಗು, ಐದು ನಿಮಿಷಕ್ಕೆ 400 ಬರಬೇಕು. ಬೇರೆ ಸ್ಥಿರಾಂಕವಿದ್ದರೆ ಲೆಕ್ಕ ಹೀಗೆ: ಮಿನುಗುಗಳ ಸಂಖ್ಯೆಯನ್ನು 36,00,000ದಿಂದ ಗುಣಿಸಿ, ಬಂದದ್ದನ್ನು ಸೆಕೆಂಡುಗಳಿಂದಲೂ ಸ್ಥಿರಾಂಕದಿಂದಲೂ ಭಾಗಿಸಿದರೆ ವ್ಯಾಟ್ ಸಿಗುತ್ತದೆ.

ಈಗ ಎಡವುವ ಜಾಗ. ಕಾಯಿಲ್ ಮೇಲೆ ಬರೆದ 1,500 ವ್ಯಾಟ್ 230 ವೋಲ್ಟ್‌ಗೆ ಹೇಳಿದ್ದು. ಹೀಟರಿನ ಲೋಡ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಮೀಟರ್ 216 ವೋಲ್ಟ್ ತೋರಿಸುತ್ತಿದ್ದರೆ ಅದೇ ಕಾಯಿಲ್ ಎಳೆಯುವುದು ಸುಮಾರು 1,320 ವ್ಯಾಟ್, ಮಿನುಗು ನಿಮಿಷಕ್ಕೆ 70. ಜೊತೆಗೆ ಕಾಯಿಲ್ ತಯಾರಿಕೆಯಲ್ಲೇ ಐದು ಹತ್ತು ಶೇಕಡಾ ವ್ಯತ್ಯಾಸ ಇರುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ಹತ್ತು ಶೇಕಡಾ ಹೆಚ್ಚು ಕಡಿಮೆ ಬಂದರೆ ಅದು ಸಾಕ್ಷ್ಯವಲ್ಲ. ಒಂದೂವರೆ ಪಟ್ಟು, ಎರಡು ಪಟ್ಟು ಬಂದರೆ ಸಾಕ್ಷ್ಯ. ಮನೆಯ ಪರೀಕ್ಷೆಯಿಂದ ದೊಡ್ಡ ದೋಷ ಮಾತ್ರ ಸಿಕ್ಕಿಬೀಳುತ್ತದೆ, 3 ಶೇಕಡಾ ತಪ್ಪನ್ನು ಹಿಡಿಯಲು ಮೀಟರ್ ಟೆಸ್ಟಿಂಗ್ ವಿಭಾಗದ ರೆಫರೆನ್ಸ್ ಮೀಟರ್ ಬೇಕು.

ಇನ್ನು ಮೀಟರ್ ಸರಿಯಿದ್ದೂ ಯೂನಿಟ್ ಹೆಚ್ಚಿದ್ದರೆ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ ಡಿಸ್‌ಪ್ಲೇಯಲ್ಲಿ ಆ ಕ್ಷಣದ ಲೋಡ್ ಎಷ್ಟು ಇಳಿಯುತ್ತದೆ ನೋಡಿ. ಹಳೆಯ ಇನ್ವರ್ಟರ್ ಬ್ಯಾಟರಿ ತುಂಬಿದ ಮೇಲೂ 30 ವ್ಯಾಟ್ ಎಳೆಯುತ್ತ ಕೂತರೆ ತಿಂಗಳಿಗೆ 21 ಯೂನಿಟ್ ದಾಟುತ್ತದೆ. 10 ವ್ಯಾಟಿನ ಸೆಟ್ ಟಾಪ್ ಬಾಕ್ಸ್ 7 ಯೂನಿಟ್. ವಯಸ್ಸಾದ ಚಕ್ರದ ಮೀಟರ್ ಇಂಥ ಚಿಲ್ಲರೆ ಲೋಡ್‌ಗಳನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ, ಹೊಸದು ಬಿಡುವುದಿಲ್ಲ. ‘ಹೊಸ ಮೀಟರ್ ಜಾಸ್ತಿ ಓಡುತ್ತೆ’ ಎಂಬುದರಲ್ಲಿ ಇಷ್ಟು ಸತ್ಯವಿದೆ: ಹಳೆಯದು ಕಡಿಮೆ ಓಡುತ್ತಿತ್ತು.

ಅಪಾರ್ಟ್‌ಮೆಂಟಿನಲ್ಲಿದ್ದರೆ ಎಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸ: ನಿಮ್ಮ ಮೇನ್ ಇಳಿಸಿ ಪ್ಯಾನೆಲ್ಲಿನಲ್ಲಿ ಯಾವ ಮೀಟರಿನ ಮಿನುಗು ನಿಲ್ಲುತ್ತದೆ ನೋಡಿ. ಒಂದೇ ದಿನ ಹತ್ತಾರು ಮೀಟರ್ ಬದಲಿಸಿದ ಕಡೆ 203ರ ವೈರ್ 204ರ ಮೀಟರಿಗೆ ಹೋಗುವುದು ಸಾಧ್ಯ.

ಯೂನಿಟ್ ಸರಿ, ಆದರೂ ತೊಂದರೆ

ರೀಡಿಂಗ್ ಸರ್ವರಿಗೆ ಹೋಗದಿದ್ದರೆ ಮೀಟರ್ ಕೆಟ್ಟಿದೆ ಎಂದಲ್ಲ. ಕಬ್ಬಿಣದ ಮುಚ್ಚಳದ ಪೆಟ್ಟಿಗೆ, ಬೇಸ್‌ಮೆಂಟ್, ಮೊಬೈಲ್ ಸಿಗ್ನಲ್ ಸಿಗದ ಮೂಲೆ ಇವು ಕಾರಣ. ಮೀಟರ್ ತನ್ನ ಪಾಡಿಗೆ ಅಳೆದು ನೆನಪಿನಲ್ಲಿಟ್ಟುಕೊಂಡಿರುತ್ತದೆ, ಸಂಪರ್ಕ ಬಂದಾಗ ಕಳಿಸುತ್ತದೆ. ಅಲ್ಲಿಯ ತನಕ ಸರಾಸರಿ ಬಿಲ್ ಬಂದು, ಆಮೇಲೆ ಒಟ್ಟಿಗೆ ದೊಡ್ಡ ಬಿಲ್ ಬರಬಹುದು. ಬಂದಾಗ ಡಿಸ್‌ಪ್ಲೇಯ ಒಟ್ಟು ಯೂನಿಟ್‌ನಿಂದ ಕೊನೆಯ ನಿಜವಾದ ರೀಡಿಂಗ್ ಕಳೆಯಿರಿ, ನಡುವಿನ ಸರಾಸರಿ ಬಿಲ್‌ಗಳಲ್ಲಿ ಕಟ್ಟಿದ ಯೂನಿಟ್ ವಜಾ ಆಗಿದೆಯೇ ನೋಡಿ. ತಿಂಗಳ ಒಂದನೇ ತಾರೀಕು ಮೀಟರಿನ ಫೋಟೋ ತೆಗೆದಿಡುವ ಅಭ್ಯಾಸವಿದ್ದವರಿಗೆ ಈ ಜಗಳ ಐದು ನಿಮಿಷದ್ದು.

ಡಿಸ್‌ಪ್ಲೇ ಉರಿಯುತ್ತಿದೆ, ಬೀದಿಯಲ್ಲೆಲ್ಲ ಕರೆಂಟಿದೆ, ನಿಮ್ಮ ಮನೆಗೆ ಮಾತ್ರ ಇಲ್ಲ ಎಂದರೆ ರಿಲೇ ತೆರೆದಿದೆ. ಲೋಡ್ ಮಿತಿ ಮೀರಿದ್ದಕ್ಕೆ ತೆರೆದಿದ್ದರೆ ಮೀಟರ್ ತಾನೇ ಕೆಲವು ಸಲ ಮತ್ತೆ ಕೊಟ್ಟು ನೋಡುತ್ತದೆ, ಲೋಡ್ ಇಳಿಯದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆ ಬೀಗ ಹಾಕಿಕೊಳ್ಳುತ್ತದೆ. ಗೀಸರ್, ಮೋಟಾರ್ ಆರಿಸಿ ಕಾಯಿರಿ. ಪ್ರೀಪೇಯ್ಡ್‌ನಲ್ಲಿ ರೀಚಾರ್ಜ್ ಆಗಿಯೂ ಬಾರದಿದ್ದರೆ ಆಜ್ಞೆ ಮೀಟರಿಗೆ ತಲುಪಿಲ್ಲ. ರೀಚಾರ್ಜ್ ರಸೀದಿ ಸಂಖ್ಯೆ ಇಟ್ಟುಕೊಂಡು 1912ಕ್ಕೆ ಹೇಳಿದರೆ ಅಲ್ಲಿಂದ ಮತ್ತೆ ಕಳಿಸುತ್ತಾರೆ.

ಸೋಲಾರ್ ಹಾಕಿಸಿದವರಿಗೆ ಪ್ರತ್ಯೇಕ ಮಾತು. ಚಾವಣಿಯ ಫಲಕ ಜೋಡಿಸಿ ಎರಡೂ ದಿಕ್ಕಿನ ಮೀಟರ್ ಬರುವ ಮುಂಚೆಯೇ ಇನ್ವರ್ಟರ್ ಆನ್ ಮಾಡಿಬಿಟ್ಟರೆ, ಒಂದೇ ದಿಕ್ಕಿಗೆ ಹೊಂದಿಸಿದ ಮೀಟರ್ ನೀವು ಗ್ರಿಡ್‌ಗೆ ಕೊಟ್ಟದ್ದನ್ನೂ ಬಳಕೆ ಎಂದೇ ಬರೆಯಬಹುದು. ಬಿಸಿಲು ಹೆಚ್ಚಿದಷ್ಟೂ ಬಿಲ್ ಹೆಚ್ಚು! ಮೀಟರ್ ಬದಲಾಗುವ ತನಕ ಸೋಲಾರ್ ಆನ್ ಮಾಡಿಸಬೇಡಿ, ಗುತ್ತಿಗೆದಾರ ಎಷ್ಟೇ ಅವಸರ ಮಾಡಿದರೂ.

ಯೂನಿಟ್ ಅಷ್ಟೇ ಇದ್ದು ಮೊತ್ತ ಮಾತ್ರ ಏರಿದ್ದರೆ ಗರಿಷ್ಠ ಲೋಡ್ ಮತ್ತು ನಿಗದಿತ ಶುಲ್ಕದ ಸಾಲುಗಳನ್ನು ಓದಿ. ಸ್ಮಾರ್ಟ್ ಮೀಟರ್ ತಿಂಗಳಲ್ಲಿ ಒಮ್ಮೆ 4.2 ಕಿಲೋವ್ಯಾಟ್ ಮುಟ್ಟಿದ್ದನ್ನೂ ಬಿಡದೆ ದಾಖಲಿಸುತ್ತದೆ, ನೀವು ಮಂಜೂರಾತಿ ಪಡೆದದ್ದು 3 ಇರಬಹುದು. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರಲ್ಲಿ ಮಾಡಿದ ತಿದ್ದುಪಡಿ ಇಲ್ಲಿ ನೆರವಿಗಿದೆ: ಮೀಟರ್ ಹಾಕುವ ಮುಂಚಿನ ಅವಧಿಗೆ, ಹೊಸ ಮೀಟರ್ ತೋರಿಸಿದ ಗರಿಷ್ಠ ಲೋಡ್ ಆಧರಿಸಿ ದಂಡ ಹಾಕುವಂತಿಲ್ಲ. ಮಂಜೂರಾದ ಲೋಡನ್ನು ಏರಿಸಬೇಕಾದರೆ ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಅದು ಮೀರಿರಬೇಕು.

ಗೃಹಜ್ಯೋತಿ ಫಲಾನುಭವಿಗಳಿಗೆ ಸಣ್ಣ ತಪ್ಪೂ ದುಬಾರಿ. ನಿಮ್ಮ ಅರ್ಹ ಮಿತಿ ಸಾಮಾನ್ಯವಾಗಿ 2022–23ರ ಸರಾಸರಿ ಬಳಕೆಗೆ 10 ಶೇಕಡಾ ಸೇರಿಸಿದಷ್ಟು, ಗರಿಷ್ಠ 200 ಯೂನಿಟ್. ಮಿತಿ ದಾಟಿ 200ರೊಳಗಿದ್ದರೆ ಹೆಚ್ಚುವರಿಗಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದು. 171 ಯೂನಿಟ್ ಬಳಸುವ ಮನೆಗೆ ಮೇಲ್ಮನೆಯ ನ್ಯೂಟ್ರಲ್‌ನಿಂದ 34 ಯೂನಿಟ್ ಸೇರಿ 205 ಆಯಿತೆನ್ನಿ. 2025–26ರ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅಲ್ಲಿಗೆ 1,189 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ.

ದೂರು ಕೊಡುವಾಗ

ಏಳು ದಿನ ಒಂದೇ ಹೊತ್ತಿಗೆ ಒಟ್ಟು ಯೂನಿಟ್‌ನ ಫೋಟೋ, ಮೇನ್ ಆಫ್ ಪರೀಕ್ಷೆಯ ವಿಡಿಯೋ, ಕಾಯಿಲ್ ಪರೀಕ್ಷೆಯ ವಿಡಿಯೋ, ಹಿಂದಿನ ಒಂದು ವರ್ಷದ ಬಿಲ್. ಫೋಟೋದಲ್ಲಿ ಮೀಟರಿನ ಸರಣಿ ಸಂಖ್ಯೆ ಮತ್ತು ಸೀಲ್ ಕಾಣಬೇಕು, ಸರಣಿ ಸಂಖ್ಯೆ ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗಬೇಕು. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅದರೊಂದಿಗೆ ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಹೆಸರಿಗೆ ಲಿಖಿತ ಅರ್ಜಿಯನ್ನೂ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಫೋನ್ ದೂರು ಮುಚ್ಚಿಹೋಗುವಷ್ಟು ಸುಲಭವಾಗಿ ಸೀಲ್ ಬಿದ್ದ ಕಾಗದ ಮುಚ್ಚಿಹೋಗುವುದಿಲ್ಲ. ಆರ್.ಆರ್. ನಂಬರ್, ಕನ್ಸ್ಯೂಮರ್ ಐಡಿ, ಮೀಟರ್ ಸಂಖ್ಯೆ, ತೊಂದರೆ ಶುರುವಾದ ದಿನಾಂಕ, ನಿಮ್ಮ ಪರೀಕ್ಷೆಯ ಅಂಕಿಗಳು ಇದ್ದರೆ ಒಂದು ಪುಟ ಸಾಕು.

ಅರ್ಜಿಯಲ್ಲಿ ಎರಡು ಸಂಗತಿಗಳನ್ನು ಹೆಸರಿಸಿಯೇ ಕೇಳಿ.

ಮೊದಲನೆಯದು ಚೆಕ್ ಮೀಟರ್. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿ ಪ್ರಕಾರ, ರೀಡಿಂಗ್ ಬಳಕೆಗೆ ಹೊಂದುತ್ತಿಲ್ಲ ಎಂದು ಗ್ರಾಹಕ ದೂರಿದರೆ ಐದು ದಿನದೊಳಗೆ ಹೆಚ್ಚುವರಿ ಮೀಟರ್ ಹಾಕಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಹೋಲಿಸಬೇಕು. ಬರೀ ‘ಮೀಟರ್ ಟೆಸ್ಟ್ ಮಾಡಿ’ ಎಂದು ಬರೆದರೆ ಒಂದು ದಿನದ ಪರೀಕ್ಷೆಯಲ್ಲಿ ಮುಗಿಯಬಹುದು. ಬಿಟ್ಟುಬಿಟ್ಟು ಬರುವ ದೋಷ ಆ ದಿನ ಕಾಣಿಸಿಕೊಳ್ಳಲೇಬೇಕೆಂದಿಲ್ಲ. ನೆನಪಿಡಿ, ನ್ಯೂಟ್ರಲ್ ಬೆರೆತ ಮನೆಯಲ್ಲಿ ಚೆಕ್ ಮೀಟರೂ ಅದೇ ತಪ್ಪು ಲೆಕ್ಕ ಬರೆಯುತ್ತದೆ. ವೈರಿಂಗ್ ಪರೀಕ್ಷೆ ಮುಗಿಸಿಯೇ ಇದನ್ನು ಕೇಳಬೇಕೆನ್ನುವುದು ಅದಕ್ಕೇ.

ಎರಡನೆಯದು ಲೋಡ್ ಪ್ರೊಫೈಲ್. ಸ್ಮಾರ್ಟ್ ಮೀಟರ್ 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ಬೇರೆ ಬೇರೆಯಾಗಿ ಬರೆದಿಡುತ್ತದೆ. ರೀಡಿಂಗ್ ನೆಗೆದ ಪ್ರಕರಣದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ನಿಮ್ಮ ಮೀಟರ್ ಮೇಲೆ 5–30 ಆಂಪ್ ಎಂದಿದ್ದರೆ ಅದರ ಮೂಲಕ ಹರಿಯಬಲ್ಲದ್ದು ಹೆಚ್ಚುಕಡಿಮೆ 6.9 ಕಿಲೋವ್ಯಾಟ್. ಅರ್ಧ ಗಂಟೆಗೆ ಸುಮಾರು ಮೂರೂವರೆ ಯೂನಿಟ್, ಇಡೀ ದಿನ ಎಲ್ಲವನ್ನೂ ಹಾಕಿಟ್ಟರೂ 165ರ ಆಸುಪಾಸು. ಒಂದು ಅರ್ಧ ಗಂಟೆಯಲ್ಲಿ 400 ಯೂನಿಟ್ ಎಂದು ದಾಖಲಾಗಿದ್ದರೆ ಆ ಹೊತ್ತಿಗೆ ಮೀಟರ್ ಸುಟ್ಟು ಬೂದಿಯಾಗಿರಬೇಕಿತ್ತು ಎಂದು ಅಧಿಕಾರಿಗೇ ತೋರಿಸಬಹುದು. ನೆಗೆತ ಕಾಣದೆ ಪ್ರತಿದಿನ ಬೆಳಿಗ್ಗೆ ಐದರಿಂದ ಆರರವರೆಗೆ ಎರಡು ಯೂನಿಟ್ ಕಂಡರೆ ಅದು ಗೀಸರ್, ನಿಮ್ಮದೋ ಮೇಲಿನವರದೋ ಎಂದು ಹುಡುಕುವುದಷ್ಟೇ ಬಾಕಿ.

ಮೀಟರ್ ಸುಟ್ಟಿದ್ದರೆ, ಪೂರ್ತಿ ಕೆಟ್ಟಿದ್ದರೆ ಬದಲಿಸಲು ಅದೇ ನಿಯಮಗಳಲ್ಲಿ ನಗರಕ್ಕೆ 24 ಗಂಟೆ, ಗ್ರಾಮೀಣ ಪ್ರದೇಶಕ್ಕೆ 72 ಗಂಟೆಯ ಗರಿಷ್ಠ ಗಡುವಿದೆ.

ತನಿಖೆ ನಡೆಯುವಾಗ ಬಿಲ್ ಕಟ್ಟದೆ ಕೂರುವುದು ತಪ್ಪು ಹೆಜ್ಜೆ. ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಸಂಪರ್ಕ ಕಡಿಯುವ ಮುನ್ನ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಬೇಕು. ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ವ್ಯಾಜ್ಯ ತೀರುವ ತನಕ ಕಡಿಯುವಂತಿಲ್ಲ. ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಪತ್ರದಲ್ಲಿ ಬರೆದು ಸ್ವೀಕೃತಿ ಪಡೆಯಿರಿ, ಮೊಬೈಲಿನಲ್ಲಿ ದುಡ್ಡು ಹಾಕಿ ಸುಮ್ಮನಾದರೆ ಬಿಲ್ ಒಪ್ಪಿಕೊಂಡಂತೆ ಕಾಣಬಹುದು. ಹಳೆಯ ಬಾಕಿ ಎಂದು ಎರಡು ವರ್ಷ ಮೀರಿದ ಲೆಕ್ಕ ತಂದಿಟ್ಟರೆ ಸೆಕ್ಷನ್ 56(2) ಅಡ್ಡ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಬಿಲ್ಲಿಂಗ್ ತಪ್ಪು ತಡವಾಗಿ ಪತ್ತೆಯಾದ ಪ್ರಕರಣದಲ್ಲಿ, ಎರಡು ವರ್ಷದ ಮಿತಿ ಸಂಪರ್ಕ ಕಡಿಯುವುದನ್ನು ತಡೆಯುತ್ತದೆಯೇ ಹೊರತು ಹೆಚ್ಚುವರಿ ಬಿಲ್ ಕೇಳುವುದನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿದೆ.

ಉಪವಿಭಾಗದಲ್ಲಿ ಬಗೆಹರಿಯದಿದ್ದರೆ ಮುಂದಿನ ಮೆಟ್ಟಿಲು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಇವೆರಡೂ ಅದೇ ಕಾಯ್ದೆಯ 42ನೇ ಸೆಕ್ಷನ್ನಿನಡಿ ಬಂದವು. ವೇದಿಕೆಗೆ ಹೋಗದೆ ನೇರವಾಗಿ ಓಂಬುಡ್ಸ್‌ಮನ್ ಬಳಿ ಹೋಗುವ ದಾರಿ ಇಲ್ಲ.

ಕೊನೆಗೂ ಮೀಟರ್ ಬದಲಿಸಲು ಬಂದಾಗ ಮನೆಯಲ್ಲಿ ಒಬ್ಬರು ಇರಲೇಬೇಕು. ಹಳೆಯ ಮೀಟರ್ ಬಿಚ್ಚುವ ಮುಂಚೆ ಅದರ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್, ಎರಡರ ಸರಣಿ ಸಂಖ್ಯೆ, ಹೊಸ ಸೀಲ್ ಇವುಗಳ ಫೋಟೋ ತೆಗೆಯಿರಿ. ಹೊಸ ಮೀಟರಿನಲ್ಲಿ ಸೊನ್ನೆಯ ಬದಲು ಎರಡು ಮೂರು ಯೂನಿಟ್ ಇರಬಹುದು, ಕಾರ್ಖಾನೆಯ ಪರೀಕ್ಷೆಯಲ್ಲಿ ಓಡಿದ್ದು, ಅದು ಬಿಲ್ಲಿಗೆ ಸೇರಬಾರದು. ಡಿಸ್‌ಪ್ಲೇ ಸತ್ತ ಹಳೆಯ ಮೀಟರನ್ನು ಕೊಂಡೊಯ್ಯುವಾಗ ‘ಮೀಟರಿನ ಮೆಮೊರಿಯಿಂದ ರೀಡಿಂಗ್ ತೆಗೆದು ತಿಳಿಸುತ್ತೇವೆ’ ಎಂದು ವರದಿಯಲ್ಲಿ ಬರೆಸಿ ಸಹಿ ಪಡೆಯಿರಿ. ಹೊಸ ಮೀಟರ್ ಆನ್ ಆದೊಡನೆ ಕಾಯಿಲ್ ಪರೀಕ್ಷೆ ಮತ್ತೊಮ್ಮೆ ಮಾಡಿ, ಲೈನ್‌ಮನ್ ಇನ್ನೂ ಅಲ್ಲೇ ಇರುವಾಗ ಗೀಸರ್ ಹತ್ತು ನಿಮಿಷ ಓಡಿಸಿ. ಟರ್ಮಿನಲ್ ಸಡಿಲವಿದ್ದರೆ ಅಷ್ಟರಲ್ಲಿ ಬಿಸಿಯ ಸುಳಿವು ಸಿಗಬಹುದು, ಸ್ಕ್ರೂ ಬಿಗಿಸುವವರು ಎದುರಿಗೇ ಇರುತ್ತಾರೆ.